ಶೇ 36ರ ಎರಡು ಬೆಲೆ

2018ರ ವಿಧಾನಸಭೆ ಚುನಾವಣೆಯಲ್ಲಿ ಬಿಜೆಪಿಗೆ ಬಂದದ್ದು ಸುಮಾರು ಶೇ 36ರಷ್ಟು ಮತ. ಫಲಿತಾಂಶ ಪ್ರಕಟವಾದ 222 ಕ್ಷೇತ್ರಗಳಲ್ಲಿ 104 ಅದರ ಪಾಲಾದವು. ಐದು ವರ್ಷ ಕಳೆದು 2023ರಲ್ಲಿ ಅದೇ ಪಕ್ಷಕ್ಕೆ ಮತ್ತೆ ಸುಮಾರು ಶೇ 36ರಷ್ಟೇ ಮತ ಬಿತ್ತು. ಸ್ಥಾನ ಮಾತ್ರ 66. ಮೊದಲ ಸಲ ಅದು ಸದನದ ಅತಿದೊಡ್ಡ ಪಕ್ಷ, ಎರಡನೇ ಸಲ ಅಧಿಕಾರ ಕಳೆದುಕೊಂಡ ಪಕ್ಷ.

ಬದಲಾದದ್ದು ಉಳಿದವರ ಲೆಕ್ಕ. ಜೆಡಿಎಸ್ ಸುಮಾರು ಶೇ 18ರಿಂದ 13ಕ್ಕೆ ಇಳಿಯಿತು, ಕಾಂಗ್ರೆಸ್ 38ರಿಂದ 43ರ ಹತ್ತಿರಕ್ಕೆ ಏರಿತು. ಎದುರಾಳಿಗಳ ಮತ ಹೇಗೆ ಹಂಚಿಹೋಗುತ್ತದೆ ಎಂಬುದರ ಮೇಲೆ ಒಂದು ಪಕ್ಷದ ಅದೇ ಮತಕ್ಕೆ ಬೇರೆ ಬೇರೆ ಬೆಲೆ ಬರುತ್ತದೆ. 2018ರಲ್ಲಂತೂ ಇನ್ನೊಂದು ವಿಚಿತ್ರವಿತ್ತು: ಶೇ 38ರಷ್ಟು ಮತ ಪಡೆದ ಕಾಂಗ್ರೆಸ್‌ಗೆ ಸಿಕ್ಕಿದ್ದು 78 ಸ್ಥಾನ. ಹೆಚ್ಚು ಮತ ಒಬ್ಬರಿಗೆ, ಹೆಚ್ಚು ಸ್ಥಾನ ಇನ್ನೊಬ್ಬರಿಗೆ. ‘ಜನಾದೇಶ ನಮ್ಮದು’ ಎಂದು ಎರಡೂ ಕಡೆಯವರು ಹೇಳಿಕೊಂಡರೆ ಯಾರನ್ನು ಸುಳ್ಳುಗಾರರೆನ್ನುವುದು?

ಗೊಂದಲದ ಬೇರು ‘ಬಹುಮತ’ ಎಂಬ ಪದದಲ್ಲೇ ಇದೆ. ಪ್ರಚಾರದ ಆಟೊಗಳು ‘ಅತ್ಯಧಿಕ ಬಹುಮತದಿಂದ ಆರಿಸಿ ತನ್ನಿ’ ಎಂದು ಕೂಗುತ್ತಾ ಬೀದಿ ಸುತ್ತುತ್ತವೆ. ಅಲ್ಲಿ ಬಹುಮತ ಎಂದರೆ ಪಕ್ಕದವನಿಗಿಂತ ಹೆಚ್ಚು, ಅಷ್ಟೆ. ಒಂದೇ ಒಂದು ಹೆಚ್ಚಾದರೂ ಸಾಕು: 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದು ಮತದ ಅಂತರದಲ್ಲಿ. ಆದರೆ ಹೀಗೆ ಗೆದ್ದವರು ವಿಧಾನಸೌಧದ ಮೆಟ್ಟಿಲು ಹತ್ತಿದ ಕೂಡಲೇ ಪದದ ಅರ್ಥ ಬದಲಾಗುತ್ತದೆ. ಅಲ್ಲಿ ಬಹುಮತ ಎಂದರೆ ಅರ್ಧಕ್ಕಿಂತ ಹೆಚ್ಚು, 224ರಲ್ಲಿ 113. ಶಾಸಕನಾಗಲು ಬೇಡದ ಅರ್ಧ, ಸರ್ಕಾರ ನಡೆಸಲು ಬೇಕೇ ಬೇಕು. 2018ರ ಮೇ 17ರಂದು ಪ್ರಮಾಣವಚನ ಸ್ವೀಕರಿಸಿದ ಬಿ.ಎಸ್. ಯಡಿಯೂರಪ್ಪ 19ರಂದೇ ರಾಜೀನಾಮೆ ಕೊಡಬೇಕಾದದ್ದು ಈ ಎರಡು ಅರ್ಥಗಳ ನಡುವಿನ ಕಂದಕದಲ್ಲಿ.

ಅರ್ಧ ದಾಟಿದವನೇ ಗೆಲ್ಲಬೇಕೆಂಬ ನಿಯಮ ಭಾರತಕ್ಕೆ ಹೊಸದಲ್ಲ. ರಾಷ್ಟ್ರಪತಿ ಚುನಾವಣೆ ನಡೆಯುವುದೇ ಹಾಗೆ. ಮತದಾರರು ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯುತ್ತಾರೆ. ಮೊದಲ ಪ್ರಾಶಸ್ತ್ಯದಲ್ಲಿ ಯಾರೂ ಅರ್ಧ ದಾಟದಿದ್ದರೆ ಕೊನೆಯಲ್ಲಿರುವವರನ್ನು ಒಬ್ಬೊಬ್ಬರಾಗಿ ಕೈಬಿಟ್ಟು, ಅವರ ಮತಪತ್ರಗಳಲ್ಲಿರುವ ಮುಂದಿನ ಆಯ್ಕೆಗೆ ಮತ ವರ್ಗವಾಗುತ್ತದೆ. 1969ರಲ್ಲಿ ಇದೇ ನಡೆಯಿತು. ಗೆಲ್ಲಲು ಬೇಕಿದ್ದ ಮತಮೌಲ್ಯ 4,18,169. ವಿ.ವಿ. ಗಿರಿ ಅವರಿಗೆ ಮೊದಲ ಸುತ್ತಿನಲ್ಲಿ ಬಂದದ್ದು 4,01,515, ನೀಲಂ ಸಂಜೀವ ರೆಡ್ಡಿ ಅವರಿಗೆ 3,13,548. ಮೂರನೇ ಸ್ಥಾನದಲ್ಲಿದ್ದ ಸಿ.ಡಿ. ದೇಶಮುಖ್ ಅವರ ಮತಗಳಲ್ಲಿ ಹೆಚ್ಚಿನವು ರೆಡ್ಡಿ ಅವರ ಕಡೆ ಹರಿದವು. ಆದರೂ 4,20,077 ಮುಟ್ಟಿದ ಗಿರಿ ಗೆದ್ದರು. ರೆಡ್ಡಿ 4,05,427ರಲ್ಲಿ ನಿಂತರು. ಸುಮಾರು 88 ಸಾವಿರದ ಮುನ್ನಡೆ 15 ಸಾವಿರಕ್ಕೂ ಕೆಳಗೆ ಕುಸಿದಿತ್ತು. ಇನ್ನಷ್ಟು ಎರಡನೇ ಆಯ್ಕೆಗಳು ರೆಡ್ಡಿ ಅವರತ್ತ ವಾಲಿದ್ದರೆ ರಾಷ್ಟ್ರಪತಿಯೇ ಬೇರೆಯಾಗುತ್ತಿದ್ದರು.

ಕಣಜದ ಭತ್ತವನ್ನು ಸೇರಿನಲ್ಲಿ ಅಳೆದರೂ ಕೊಳಗದಲ್ಲಿ ಅಳೆದರೂ ಭತ್ತ ಅಷ್ಟೇ ಇರುತ್ತದೆ. ಜನಾಭಿಪ್ರಾಯ ಆ ಬಗೆಯ ಸರಕಲ್ಲ. ಅಳತೆ ಬದಲಾದರೆ ಗೆದ್ದವರ ಹೆಸರೇ ಬದಲಾದೀತು. ಹಾಗೆಂದು ದೋಷವಿಲ್ಲದ ಅಳತೆಯೊಂದು ಎಲ್ಲೋ ಕಾದಿದೆ ಎಂದೂ ಅಲ್ಲ. ಮೂರು ಅಥವಾ ಹೆಚ್ಚು ಆಯ್ಕೆಗಳಿದ್ದಾಗ ನ್ಯಾಯವೆನಿಸುವ ಕೆಲವು ಸರಳ ಷರತ್ತುಗಳನ್ನೆಲ್ಲ ಒಟ್ಟಿಗೆ ಪಾಲಿಸುವ ಪ್ರಾಶಸ್ತ್ಯ ಪದ್ಧತಿ ಸಾಧ್ಯವೇ ಇಲ್ಲ ಎಂದು ಅರ್ಥಶಾಸ್ತ್ರಜ್ಞ ಕೆನೆತ್ ಆ್ಯರೋ 1951ರಲ್ಲೇ ಗಣಿತದಿಂದ ತೋರಿಸಿದ್ದರು.

ಈಗಿನ ಪದ್ಧತಿಯ ಪರವಾಗಿಯೂ ಗಟ್ಟಿ ವಾದಗಳಿವೆ. ಒಂದು ಗುಂಡಿ, ಒಂದು ಮತ. ಅದು ಎಲ್ಲರಿಗೂ ಅರ್ಥವಾಗುತ್ತದೆ. ಕ್ಷೇತ್ರಕ್ಕೊಬ್ಬ ಶಾಸಕ ಇರುವುದರಿಂದ ಕೆರೆ ಒಡೆದಾಗ ಯಾರ ಮನೆ ಬಾಗಿಲು ಬಡಿಯಬೇಕೆಂಬುದು ಊರಿಗೆ ಗೊತ್ತಿರುತ್ತದೆ. 1949ರಲ್ಲಿ ಸಂವಿಧಾನ ಸಭೆಯ ಮುಂದೆ ಅನುಪಾತ ಪ್ರಾತಿನಿಧ್ಯದ ಬೇಡಿಕೆ ಬಂದಾಗ ಅಂಬೇಡ್ಕರ್ ಎರಡು ಕಾರಣ ಕೊಟ್ಟು ವಿರೋಧಿಸಿದರು: ಅದಕ್ಕೆ ಬೇಕಾದಷ್ಟು ಸಾಕ್ಷರತೆ ದೇಶದಲ್ಲಿಲ್ಲ, ಸದನ ಚೂರುಚೂರಾಗಿ ಸರ್ಕಾರ ಸ್ಥಿರವಾಗಿ ನಿಲ್ಲುವುದಿಲ್ಲ. ಅಂದಿನ ಭಾರತಕ್ಕೆ ಅದು ವಿವೇಕದ ಮಾತು. ಆದರೆ 2011ರ ಜನಗಣತಿಯ ಹೊತ್ತಿಗೆ ಕರ್ನಾಟಕದ ಸಾಕ್ಷರತೆ ಶೇ 75 ದಾಟಿತ್ತು. ಸ್ಥಿರತೆಯ ಭರವಸೆಯೂ ಪ್ರತಿಸಲ ಉಳಿದಿಲ್ಲ: 2018ರ ಅತಂತ್ರ ಸದನದಲ್ಲಿ ಹುಟ್ಟಿದ ಮೈತ್ರಿ ಸರ್ಕಾರ 14 ತಿಂಗಳಲ್ಲಿ, 99–105 ಮತಗಳಿಂದ ಉರುಳಿತು.

ಹೀಗಿರುವಾಗ ಎರಡು ಹಕ್ಕುಗಳನ್ನು ಬೇರ್ಪಡಿಸಿ ನೋಡುವುದು ಒಳ್ಳೆಯದು. ನಿಯಮದಂತೆ ಗೆದ್ದವರಿಗೆ ಆಳುವ ಹಕ್ಕಿದೆ, ಅದರಲ್ಲಿ ತಕರಾರಿಲ್ಲ. ‘ಇಡೀ ನಾಡು ನಮ್ಮ ಜೊತೆಗಿದೆ’ ಎನ್ನುವ ಹಕ್ಕು ಅದರ ಜೊತೆಗೆ ತಾನಾಗಿ ಬರುವುದಿಲ್ಲ. ಆ ಮಾತಾಡಬೇಕೆನ್ನುವ ಶಾಸಕ, ತನಗೆ ಮತ ಹಾಕದವರಲ್ಲಿ ಎಷ್ಟು ಮಂದಿಯ ಎರಡನೇ ಆಯ್ಕೆ ತಾನು ಎಂಬುದನ್ನಾದರೂ ತೋರಿಸಬೇಕು. ಒಂದೆರಡು ಉಪಚುನಾವಣೆಗಳಲ್ಲಿ ಪ್ರಾಶಸ್ತ್ಯ ಮತವನ್ನು ಪರೀಕ್ಷಿಸಿ ನೋಡಲು ಕಾನೂನಿನ ತಿದ್ದುಪಡಿ ಬೇಕಾದೀತು, ಅನುಭವದ ಕೊರತೆಯಂತೂ ಇಲ್ಲ. ಕರ್ನಾಟಕದ ಪದವೀಧರರು ಮತ್ತು ಶಿಕ್ಷಕರು ವಿಧಾನ ಪರಿಷತ್ತಿನ ತಮ್ಮ ಕ್ಷೇತ್ರಗಳಲ್ಲಿ ಈಗಲೂ ಮತಪತ್ರದ ಮೇಲೆ 1, 2, 3 ಎಂದು ಬರೆಯುತ್ತಾರೆ. ಅದೇ ಮತದಾರರು ವಿಧಾನಸಭೆ ಚುನಾವಣೆಗೆ ಹೋದಾಗ ಒಂದು ಗುಂಡಿ ಒತ್ತಿ ಹೊರಗೆ ಬರುತ್ತಾರೆ.