ತೆಂಗಿನ ನೆರಳೂ ದಾಸೋಹದ ತುತ್ತೂ



ಅನ್ನವನ್ನು ಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸತಕ್ಕದ್ದೆಂಬುದು ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ನಡೆದುಬಂದ ನಿಯಮ. ಆದರೆ ಅರ್ಪಿಸುವ ಮುನ್ನ ಆ ಅನ್ನವು ಎಲ್ಲಿಂದ ಬಂದಿತು, ಯಾರ ಕೈಯಿಂದ ಬಂದಿತು, ಬೆಳೆದವನು ಉಂಡನೋ ಉಪವಾಸವಿದ್ದನೋ ಎಂದು ವಿಚಾರಿಸುವವರು ವಿರಳ. ಶರಣರು ಪದಾರ್ಥದ ರುಚಿಗಿಂತ ಮೊದಲು ಅದರ ಶುದ್ಧಿಯನ್ನು ನೋಡಿದರು. ಅದು ನೀರಿನಿಂದ ತೊಳೆದು ಪಡೆಯುವ ಶುದ್ಧಿಯಲ್ಲ. ಆ ಪದಾರ್ಥವನ್ನು ದೊರಕಿಸಿದ ದುಡಿಮೆಯ ಶುದ್ಧಿ. ಈ ಒಂದು ವಿಚಾರವನ್ನು ಹಿಡಿದುಕೊಂಡು ನಮ್ಮ ಕಿಬ್ಬನಹಳ್ಳಿಯ ಸೀಮೆಯ ಬಡತನವನ್ನು ಕುರಿತು ಇಂದು ಕೆಲವು ಮಾತುಗಳನ್ನು ನಿಮ್ಮ ಮುಂದಿಡುತ್ತೇವೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳ ದಾರಿಗಳು ಕೂಡುವ ಎಡೆಯಲ್ಲಿ ನಿಂತು ಸುತ್ತ ನೋಡಿದರೆ ತೆಂಗಿನ ತೋಟವಲ್ಲದೆ ಮತ್ತೇನೂ ಕಾಣದು. ಇಲ್ಲಿಯ ಉಂಡೆ ಕೊಬ್ಬರಿಯ ಕೀರ್ತಿ ಉತ್ತರ ದೇಶದವರೆಗೂ ಹಬ್ಬಿದೆ. ಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷದವರೆಗೂ ಕಾಪಾಡಿ, ಒಳಗಿನ ನೀರು ಇಂಗಿ ಕೊಬ್ಬರಿಯು ಚಿಪ್ಪಿನಿಂದ ಬಿಟ್ಟು ಕುಲುಕಾಡುವವರೆಗೂ ಕಾಯುವ ತಾಳ್ಮೆ ನಮ್ಮ ರೈತನದು. ಇಷ್ಟು ತಾಳ್ಮೆಯುಳ್ಳವನ ಮನೆಯಲ್ಲಿ ಸಾಲವೇಕೆ? ಕಲ್ಪವೃಕ್ಷದ ನೆರಳಿನಲ್ಲಿ ಕೊರತೆಯೇಕೆ? ಇದು ಕೇಳಲೇಬೇಕಾದ ಪ್ರಶ್ನೆ.

ಈ ಭಾಗದ ಎರಡೆಕರೆ ತೋಟದ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿರಿ. ಅಟ್ಟದ ಮೇಲೆ ಕೊಬ್ಬರಿ ಒಣಗುತ್ತಿದೆ. ಕೆಳಗೆ ಒಲೆಯ ಮೇಲೆ ಬಾಣಲೆಯಲ್ಲಿರುವುದು ಅಂಗಡಿಯಿಂದ ತಂದ ತಾಳೆಯೆಣ್ಣೆ. ನಮ್ಮ ದೇಶವು ಬಳಸುವ ಅಡುಗೆಯೆಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶಗಳಿಂದ ಬರುತ್ತದೆ. ಅದರಲ್ಲಿ ಇಂಡೋನೇಷ್ಯ, ಮಲೇಷ್ಯಗಳ ತಾಳೆಯೆಣ್ಣೆಯ ಪಾಲು ದೊಡ್ಡದು. ಎಣ್ಣೆಯ ಕಾಯನ್ನು ಬೆಳೆಯುವವನು ಕಡಲಾಚೆಯ ಎಣ್ಣೆಯಲ್ಲಿ ಒಗ್ಗರಣೆ ಹಾಕುತ್ತಾನೆ. ಬೇಳೆ ಅಂಗಡಿಯದು, ತರಕಾರಿ ಸಂತೆಯದು, ಅಕ್ಕಿ ಪಡಿತರದ್ದು. ಎಷ್ಟೋ ಮನೆಗಳಲ್ಲಿ ರಾಗಿಯೂ ಕೊಂಡು ತಂದದ್ದು. ವರ್ಷಕ್ಕೊಮ್ಮೆ ಕೊಬ್ಬರಿ ಮಾರಿ ಬಂದ ಹಣವು ವರ್ಷವಿಡೀ ಕವಡೆ ಕವಡೆಯಾಗಿ ಊರನ್ನು ಬಿಟ್ಟು ಹೋಗುತ್ತದೆ. ತೂತುಬಿದ್ದ ಕೊಡಕ್ಕೆ ಎಷ್ಟು ನೀರು ಸೇದಿ ಹೊಯ್ದರೇನು?

ಆ ಹಣವಾದರೂ ನೆಚ್ಚತಕ್ಕದ್ದೋ ಎಂದರೆ ಅದೂ ಅಲ್ಲ. 2023ರಲ್ಲಿ ಸರ್ಕಾರವು ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆಯನ್ನು ಗೊತ್ತುಮಾಡಿದ್ದಾಗ ಪೇಟೆಯ ಧಾರಣೆಯು ಎಂಟು ಸಾವಿರದ ಆಸುಪಾಸಿಗೆ ಕುಸಿದು ರೈತರು ಬೀದಿಗಿಳಿಯಬೇಕಾಯಿತು. 2025ರಲ್ಲಿ ಬೆಂಬಲ ಬೆಲೆ 12,100 ರೂಪಾಯಿ ಇದ್ದಾಗ ಧಾರಣೆಯು ಅದರ ಎರಡರಷ್ಟನ್ನು ಮೀರಿ ಏರಿತು. ಏರಿದಾಗ ಹಿಗ್ಗಿ, ಇಳಿದಾಗ ಕುಗ್ಗಿ, ಬಾಳೆಲ್ಲವನ್ನೂ ಪೇಟೆಯ ತಕ್ಕಡಿಯಲ್ಲಿ ತೂಗಿಬಿಡುವುದು ವಿವೇಕವಲ್ಲ. ಏರಿದ ವರ್ಷದಲ್ಲಿಯೂ ಬೆಲೆಯ ಲಾಭ ದಕ್ಕಿದ್ದು ಮರದಲ್ಲಿ ಕಾಯಿ ಉಳಿದಿದ್ದವನಿಗೆ ಮಾತ್ರ. ನುಸಿರೋಗ, ಕಪ್ಪುತಲೆ ಹುಳು, ಬರ ಇವುಗಳಿಂದ ತೋಟ ಸೊರಗಿದವನು ಏರಿದ ಬೆಲೆಯ ಸುದ್ದಿಯನ್ನು ಬರಿದೆ ಕೇಳಿದನಷ್ಟೆ.

ನಮ್ಮ ಹಿರಿಯರು ಹೀಗೆ ಒಂದೇ ಬೆಳೆಗೆ ಜುಟ್ಟು ಕೊಟ್ಟವರಲ್ಲ. ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಿಡಿಯುತ್ತಿದ್ದುದನ್ನು ಇಲ್ಲಿರುವ ಹಿರಿಯರು ಕಣ್ಣಾರೆ ಕಂಡಿದ್ದೀರಿ. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಬದುವಿನಲ್ಲಿ ಹರಳು. ಒಂದು ಹೊಲವೆಂದರೆ ಒಂದು ಮನೆಯ ಉಗ್ರಾಣವೇ ಆಗಿದ್ದಿತು. ಮುಂಗಾರು ಕೈಕೊಟ್ಟರೆ ಹಿಂಗಾರಿನ ಮಂಜಿಗೆ ಅವರೆ ಕಚ್ಚುತ್ತಿತ್ತು; ರಾಗಿ ಸೊರಗಿದರೆ ಹುರುಳಿ ಕೈಹಿಡಿಯುತ್ತಿತ್ತು. ಹೆಚ್ಚಾದ ರಾಗಿ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಉಳಿದು ಬರದ ವರ್ಷದಲ್ಲಿ ಊರನ್ನು ಕಾಯುತ್ತಿತ್ತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆಯೆಂದೂ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸೆಂದೂ ಇಂದು ವಿಜ್ಞಾನಿಗಳು ಹೇಳುತ್ತಾರೆ. 2023ನ್ನು ವಿಶ್ವಸಂಸ್ಥೆಯೇ ಸಿರಿಧಾನ್ಯಗಳ ವರ್ಷವೆಂದು ಸಾರಿತು. ಲೋಕವು ಹೊಗಳಿದ ಧಾನ್ಯವನ್ನು ಬೆಳೆದ ಊರೇ ಮರೆಯುವುದು ಎಂತಹ ವಿಪರ್ಯಾಸ!

ತೋಟವಾದ ಮೇಲೆ ಹೊಲವೆಲ್ಲಿ ಉಳಿಯಿತು ಎಂದು ನೀವು ಕೇಳಬಹುದು. ಮೂವತ್ತು ಅಡಿಗೊಂದರಂತೆ ನೆಟ್ಟರೆ ಎಕರೆಗೆ 48 ಮರ. ಮರದ ಬೇರುಗಳು ಬಹುಮಟ್ಟಿಗೆ ಬುಡದ ಸುತ್ತ ಆರೇಳು ಅಡಿಯಲ್ಲಿಯೇ ಹರಡಿ, ನೆಲದ ನಾಲ್ಕರಲ್ಲೊಂದು ಪಾಲನ್ನು ಮಾತ್ರ ಬಳಸುವುವೆಂದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾಲಯದವರು ತಿಳಿಸಿದ್ದಾರೆ. ಉಳಿದ ಮುಕ್ಕಾಲು ನೆಲ ಶಿವನು ಕೊಟ್ಟದ್ದು. ಅದನ್ನು ಬರಿದು ಮಾಡಿದವರು ನಾವು. ಬೆಳಕು ಬೀಳುವಲ್ಲಿ ಅಲಸಂದೆ, ಹುರುಳಿ, ನೆರಳಿನಲ್ಲಿ ಅರಿಸಿನ, ಶುಂಠಿ, ನೀರಿದ್ದಲ್ಲಿ ಬಾಳೆ, ಬುಡಕ್ಕೆ ಹಸುವಿನ ಗೊಬ್ಬರ, ಹಸುವಿಗೆ ತೋಟದ ಮೇವು. ಮಳೆಯ ನೀರು ಹರಿದುಹೋಗದಂತೆ ಬದು ಹಾಕಿ, ಸಣ್ಣ ಹೊಂಡ ತೋಡುವುದೂ ಈ ಬೇಸಾಯದ ಭಾಗವೇ. ಕೊಳವೆಬಾವಿಯನ್ನು ಆಳ ಆಳಕ್ಕೆ ಕೊರೆಯಿಸಿ ಸಾಲದಲ್ಲಿ ಮುಳುಗಿದ ಮನೆಗಳನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಮಳೆನೀರಿನ ಹೊಂಡ ತೋಡಿಸಿ ಕೆಟ್ಟವರನ್ನು ಮಾತ್ರ ಕಂಡಿಲ್ಲ.

ನೆರೆಯ ಗುಬ್ಬಿ ತಾಲ್ಲೂಕಿನ ಚೇಳೂರಿನ ಕಥೆಯನ್ನು ಕೇಳಿರಿ. ಅಲ್ಲಿಯ ಒಂದು ಮನೆಯ ಜಮೀನಿನಲ್ಲಿ ಹಿರಿಯರು ನೆಟ್ಟ ಒಂದು ಹಲಸಿನ ಮರ. ತೊಳೆಗಳು ತಾಮ್ರದಂತೆ ಕೆಂಪು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅದರ ಗುಣವನ್ನು ಪರೀಕ್ಷಿಸಿ, ‘ಸಿದ್ದು’ ಎಂಬ ಹೆಸರಿನಿಂದ ಲೋಕಕ್ಕೆ ಪರಿಚಯಿಸಿ, ಕಸಿ ಗಿಡಗಳ ಮಾರಾಟದಲ್ಲಿ ಹೆಚ್ಚಿನ ಪಾಲು ಆ ರೈತನ ಮನೆಗೇ ಸಲ್ಲುವಂತೆ ಒಪ್ಪಂದ ಮಾಡಿಕೊಂಡರು. ಕೊಳೆತು ಬೀಳುವುದೆಂದು ನಾವು ಕಡೆಗಣಿಸುವ ಬದುವಿನ ಮರವೇ ಒಂದು ಮನೆಗೆ ಆಸರೆಯಾಯಿತು. ಇನ್ನೆಷ್ಟು ಬದುಗಳಲ್ಲಿ ಇನ್ನೆಷ್ಟು ಭಾಗ್ಯವಿದೆಯೋ ಬಲ್ಲವರಾರು?

ಇಷ್ಟೆಲ್ಲ ಹೇಳಿದರೂ ಇದುವರೆಗಿನ ಮಾತು ಭೂಮಿಯುಳ್ಳವನ ಮಾತೇ ಆಯಿತು. ಇಲ್ಲದವನ ಮಾತೇನು? ಕಾಯಿ ಸುಲಿಯುವವನಿಗೆ, ಕೊಬ್ಬರಿ ಒಡೆಯುವ ತಾಯಿಗೆ ತೋಟವಿಲ್ಲ. ಅವರ ಸಾರಿನ ಮಡಕೆ ನಿನ್ನೆಮೊನ್ನೆಯವರೆಗೂ ನಮ್ಮ ಹೊಲದ ಬೆರಕೆಸೊಪ್ಪಿನಿಂದ ತುಂಬುತ್ತಿತ್ತು. ಅಣ್ಣೆಸೊಪ್ಪು, ಗೋಣಿಸೊಪ್ಪು, ಹೊನಗೊನೆ ಇವನ್ನು ಯಾರೂ ಬಿತ್ತಲಿಲ್ಲ, ಯಾರೂ ಮಾರಲಿಲ್ಲ, ಕುಯ್ದವರದಾಗಿದ್ದುವು. ಇಂದು ಕಳೆಯೆಂದು ಔಷಧ ಸಿಂಪಡಿಸುವಾಗ ನಾವು ಸುಡುತ್ತಿರುವುದು ಬಡವಳೊಬ್ಬಳ ರಾತ್ರಿಯ ಊಟವನ್ನು. ಜಾತ್ರೆಯಲ್ಲಿ ಸಾವಿರ ಎಲೆ ಹಾಕಿಸಿ ಈ ಪಾಪವನ್ನು ತೊಳೆಯಲಾಗದು.

ಆಯ್ದಕ್ಕಿ ಲಕ್ಕಮ್ಮನ ವೃತ್ತಾಂತ ನಿಮಗೆಲ್ಲ ತಿಳಿದದ್ದೇ. ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಆ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಆ ಮಹಾತಾಯಿ ಹೇಳಿದಳು. ಈ ಕಥೆಯನ್ನು ಉಳ್ಳವರು ಇಲ್ಲದವರಿಗೆ ಬೋಧಿಸುವುದನ್ನು ನಾವು ಕೇಳಿದ್ದೇವೆ. ಅದು ಕಥೆಯನ್ನು ತಲೆಕೆಳಗು ಮಾಡಿದಂತೆ. ಲಕ್ಕಮ್ಮನು ಕೂಲಿಯವನಿಗೆ ‘ನಿನಗಿಷ್ಟೇ ಸಾಕು’ ಎನ್ನಲಿಲ್ಲ. ತನ್ನ ಮನೆಗೆ ತಾನೇ ಅಳತೆ ಹಾಕಿದಳು, ಆ ಅಳತೆಯಲ್ಲಿಯೇ ಜಂಗಮಕ್ಕೂ ಉಣಬಡಿಸಿದಳು. ಆದಕಾರಣ ಅಳತೆಯ ಮಾತು ಮೊದಲು ನಮ್ಮ ಕಣಕ್ಕೆ ಅನ್ವಯಿಸಲಿ. ರಾಶಿಯ ದಿನ ದುಡಿದವರೆಲ್ಲರ ಮೊರಕ್ಕೂ ಕಾಳು ಬೀಳುತ್ತಿದ್ದ ಕಾಲವಿತ್ತು. ಅದರಲ್ಲಿ ಮೇಲುಕೀಳಿನ ಕಹಿಯೂ ಬೆರೆತಿತ್ತು. ಆ ಕಹಿ ಹೋಗತಕ್ಕದ್ದೇ ಸರಿ. ಆದರೆ ಕಹಿಯೊಡನೆ ಕಾಳೂ ಹೋಗಿಬಿಟ್ಟಿತು. ದಾಸೋಹವೆಂದರೆ ದಯೆಯಿಂದ ಎಸೆದ ತುತ್ತಲ್ಲ; ‘ಇದು ನನ್ನದಲ್ಲ’ ಎಂದು ತಿಳಿದು ಸಲ್ಲಬೇಕಾದವರಿಗೆ ಸಲ್ಲಿಸುವುದು.

ನುಲಿಯ ಚಂದಯ್ಯನವರನ್ನೂ ನೆನೆಯೋಣ. ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ, ಬಂದದ್ದರಲ್ಲಿ ದಾಸೋಹ ನಡೆಸಿದ ಶರಣನಾತ. ನಮ್ಮ ಜಿಲ್ಲೆಯವರೇ ಆದ ಗೂಳೂರು ಸಿದ್ಧವೀರಣ್ಣೊಡೆಯರು ತಮ್ಮ ಶೂನ್ಯಸಂಪಾದನೆಯಲ್ಲಿ ಆತನ ಕಾಯಕನಿಷ್ಠೆಯನ್ನು ವಿಸ್ತಾರವಾಗಿ ನಿರೂಪಿಸಿದ್ದಾರೆ. ಚಂದಯ್ಯನಿಗೆ ಹುಲ್ಲು ಸಾಕಾಯಿತು. ನಮಗೆ ಬೆಟ್ಟದಷ್ಟು ಕಾಯಿಸಿಪ್ಪೆಯಿದ್ದೂ ಅದರ ಬಹುಭಾಗ ಒಲೆಗೋ ಹೊರಗಿನ ಲಾರಿಗೋ ಹೋಗುತ್ತದೆ. ನಾರು ಬಿಡಿಸುವ, ಹಗ್ಗ ಹೊಸೆಯುವ, ಎಣ್ಣೆ ಗಾಣ ನಡೆಸುವ ಕೆಲಸಗಳು ಊರಿನಲ್ಲಿಯೇ ನೆಲೆಗೊಂಡರೆ ತೋಟವಿಲ್ಲದ ಕೈಗಳಿಗೂ ಕಾಯಕ ದೊರೆಯುವುದು. ಬೆಂಗಳೂರಿನ ಬಸ್ಸು ಹತ್ತುವ ಹುಡುಗರಲ್ಲಿ ನಾಲ್ವರಾದರೂ ಊರಿನಲ್ಲಿ ಉಳಿದಾರು.

ಹಾಗಾದರೆ ಗೃಹಸ್ಥನು ಮಾಡತಕ್ಕದ್ದೇನು? ಐದು ನಿಯಮಗಳನ್ನು ಮಾತ್ರ ಹೇಳುತ್ತೇವೆ. ತೋಟ ಎಷ್ಟೇ ಇರಲಿ, ಮನೆಯ ಆರು ತಿಂಗಳ ರಾಗಿಗೂ ಕಾಳಿಗೂ ಆಗುವಷ್ಟು ನೆಲವನ್ನು ಮೀಸಲಿಡಿರಿ. ಮನೆಯ ಎಣ್ಣೆಯನ್ನು ಮನೆಯ ಕೊಬ್ಬರಿಯಿಂದ, ನೆರೆಯವನ ಹುಚ್ಚೆಳ್ಳಿನಿಂದ ಪಡೆಯಿರಿ. ಸಂತೆಗೆ ಹೋಗುವ ಮುನ್ನ, ಬೇಕಾದುದು ಊರಿನಲ್ಲಿಯೇ ಇದೆಯೇ ಎಂದು ಕೇಳಿರಿ. ಕೂಲಿಯನ್ನು ಬೆವರು ಆರುವ ಮುನ್ನ ಕೊಡಿರಿ. ಬೆರಕೆಸೊಪ್ಪಿಗೆ ಬಂದ ತಾಯಿಯನ್ನು ಬದುವಿನಿಂದ ಓಡಿಸಬೇಡಿರಿ. ಇವಾವುದಕ್ಕೂ ಸರ್ಕಾರದ ಅಪ್ಪಣೆ ಬೇಕಿಲ್ಲ, ಸಾಲವೂ ಬೇಕಿಲ್ಲ. ಇವುಗಳಿಂದಲೇ ಬಡತನವೆಲ್ಲ ಅಳಿಯುವುದೆಂದು ನಾವು ಹೇಳುವುದಿಲ್ಲ. ಬೆಲೆಯ ನ್ಯಾಯಕ್ಕಾಗಿ ರೈತರು ಒಗ್ಗಟ್ಟಿನಿಂದ ಕೇಳಲೇಬೇಕು, ಆಳುವವರು ಕೊಡಲೇಬೇಕು. ಆದರೆ ಹಗೇವಿನಲ್ಲಿ ರಾಗಿಯಿರುವವನು ಬೆಲೆಗಾಗಿ ಕಾಯಬಲ್ಲನು. ಹಿಟ್ಟಿಲ್ಲದವನು ಕೇಳಿದ ಬೆಲೆಗೆ ಕೊಟ್ಟು ಬರುವನು.

ಸಿದ್ಧಗಂಗೆಯಲ್ಲಿ ದಿನವೂ ಸಾವಿರಾರು ಮಕ್ಕಳು ಉಣ್ಣುವ ಮುದ್ದೆಯನ್ನು ನೆನೆಯಿರಿ. 2019ರ ಜನವರಿ 21ರಂದು ಲಿಂಗೈಕ್ಯರಾದ ಪೂಜ್ಯ ಶಿವಕುಮಾರ ಸ್ವಾಮಿಗಳು ಜೋಳಿಗೆ ಹಿಡಿದಾಗ ಅದನ್ನು ತುಂಬಿದ್ದು ಸಣ್ಣ ಹೊಲಗಳ ರೈತರು, ಬೊಗಸೆ ಬೊಗಸೆಯಾಗಿ. ಅಂತಹ ಬೊಗಸೆ ಪ್ರತಿಯೊಂದು ಊರಿನಲ್ಲಿಯೂ ಇದೆ. ಅದು ಬರಿದಾಗದಿರಬೇಕಾದರೆ ನಮ್ಮ ನೆಲದಲ್ಲಿ ನಮ್ಮ ತುತ್ತು ಬೆಳೆಯಬೇಕು. ಇಂದು ಸಂಜೆ ಎಲೆಯ ಮುಂದೆ ಕುಳಿತಾಗ, ಇದರಲ್ಲಿ ನಮ್ಮ ಊರಿನದು ಎಷ್ಟು ಎಂದು ಒಮ್ಮೆ ಎಣಿಸಿ ನೋಡಿರಿ. ಆ ಎಣಿಕೆಯೇ ನಿಮ್ಮ ನಾಳಿನ ಕಾಯಕವನ್ನು ನಿಮಗೆ ತಿಳಿಸುವುದು.