ವಿಸಿಟ್ ವೀಸಾದಲ್ಲಿ ಸಿಕ್ಕಿಕೊಂಡವರು

ನಮ್ಮ ಕರಾವಳಿಯ ಎಷ್ಟೋ ಹುಡುಗರು ವಿಸಿಟ್ ವೀಸಾದಲ್ಲಿ ದುಬೈಗೆ ಹೋಗುವುದು ಊರು ನೋಡಲಿಕ್ಕಲ್ಲ, ಕೆಲಸ ಹುಡುಕಲಿಕ್ಕೆ. ಕೈಯಲ್ಲಿರುವುದು 30 ಅಥವಾ 60 ದಿನ. ‘ಮೊದಲು ಹೋಗು, ಕಂಪನಿಯವರು ಅಲ್ಲೇ ಕೆಲಸದ ವೀಸಾ ಮಾಡಿಸುತ್ತಾರೆ’ ಎಂದು ಏಜೆಂಟ್ ಭರವಸೆ ಕೊಟ್ಟಿರುತ್ತಾನೆ. ಗಡುವು ಮುಗಿಯುವ ಹೊತ್ತಿಗೆ ಅವನ ಫೋನ್ ಸ್ವಿಚ್ ಆಫ್.

ಅವಧಿ ಮೀರಿದರೆ ಯುಎಇಯಲ್ಲಿ ದಿನಕ್ಕೆ 50 ದಿರ್ಹಂ ದಂಡ. ತಿಂಗಳಿಗೆ 1,500, ಆರು ತಿಂಗಳಿಗೆ 9,000, ಅಂದರೆ ಎರಡು ಲಕ್ಷ ರೂಪಾಯಿಗೂ ಮೇಲೆ. ಊರಲ್ಲಿ ಚಿನ್ನ ಅಡವಿಟ್ಟು ಹೋದವನು ಇದನ್ನು ಎಲ್ಲಿಂದ ತರಬೇಕು? ಒಂದು ಕೋಣೆಯಲ್ಲಿ ಮೇಲೊಂದು ಕೆಳಗೊಂದು ಮಂಚ, ಮಂಚಕ್ಕೊಂದು ಪರದೆ. ಆ ಬೆಡ್ ಸ್ಪೇಸ್‌ಗೂ ಬಾಡಿಗೆ ಕಟ್ಟಬೇಕು. ಕದ್ದುಮುಚ್ಚಿ ಕೆಲಸ ಕೊಡುವವರು ಸಂಬಳ ಮುರಿದುಕೊಂಡರೂ ದೂರು ಕೊಡುವಂತಿಲ್ಲ. ಪರವಾನಗಿ ಇಲ್ಲದವರನ್ನು ದುಡಿಸಿಕೊಂಡರೆ ಮಾಲೀಕರಿಗೆ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಂವರೆಗೆ ದಂಡ ಎಂದು 2024ರಲ್ಲಿ ಕಾನೂನು ಬಿಗಿಯಾಯಿತು, ನಿಜ. ಆದರೆ ಬಾಯಿಬಿಟ್ಟರೆ ಮೊದಲು ಸಿಕ್ಕಿಬೀಳುವವನು ತಾನೇ ಎಂಬ ಭಯ ಹುಡುಗನಿಗೆ. ಊರಲ್ಲಿ ತಂದೆ ತೀರಿಕೊಂಡರೂ ದಂಡ ತೀರಿಸದೆ ವಿಮಾನ ಹತ್ತುವಂತಿಲ್ಲ.

ಥಾಯ್ಲೆಂಡ್‌ನಲ್ಲಿ ದಿನಕ್ಕೆ 500 ಬಾಟ್ ದಂಡವಿದ್ದರೂ ಅದು 20,000ಕ್ಕೆ ನಿಲ್ಲುತ್ತದೆ. ತಪ್ಪಿಗೆ ದಂಡ ಬೇಕು, ಒಪ್ಪುತ್ತೇನೆ. ಆದರೆ ಮನೆಗೆ ಹೋಗುತ್ತೇನೆಂದು ತಾನಾಗಿ ಬಂದವನನ್ನು ದಂಡವೇ ತಡೆದು ನಿಲ್ಲಿಸಬಾರದು. ಯುಎಇ ಸರ್ಕಾರವೂ 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್ ಕೊನೆಯವರೆಗೆ ಕ್ಷಮಾದಾನ ಸಾರಿ, ದಂಡವನ್ನೆಲ್ಲ ಮನ್ನಾ ಮಾಡಿತು. ಹಾಗೆ ಹೊರಟವರು ಮತ್ತೆ ಬರುವುದಕ್ಕೂ ಅಡ್ಡಿ ಮಾಡಲಿಲ್ಲ. ಅಂಥ ಅವಕಾಶ ವರ್ಷಗಳಿಗೊಮ್ಮೆ ಬರುತ್ತದೆ. ಅಲ್ಲಿಯವರೆಗೆ ಕಾಯುವುದು ಹೇಗೆ?

ತಡೆಯುವುದಿದ್ದರೆ ಇಲ್ಲೇ ತಡೆಯಬೇಕು. ಹತ್ತನೇ ತರಗತಿ ಪಾಸಾಗದವರು ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವಾಗ ಭಾರತ ಸರ್ಕಾರದ ವಲಸೆ ಅನುಮತಿ ಪಡೆಯಬೇಕು. ಆಗ ಸಂಬಳದ ಕರಾರು, ವಿಮೆ ಎರಡೂ ದಾಖಲಾಗುತ್ತವೆ. ವಿಸಿಟ್ ವೀಸಾ ಕೊಡಿಸುವ ಏಜೆಂಟ್ ತಪ್ಪಿಸುವುದು ಇದನ್ನೇ. ನೋಂದಾಯಿತ ಏಜೆಂಟರ ಪಟ್ಟಿ ಇ-ಮೈಗ್ರೇಟ್ ಜಾಲತಾಣದಲ್ಲಿದೆ. ಅವರು ತೆಗೆದುಕೊಳ್ಳಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ಒಂದೂವರೆ ಲಕ್ಷ ಕೇಳಿ, ಕೈಗೆ ವಿಸಿಟ್ ವೀಸಾ ಇಡುವವನ ಹೆಸರು ಆ ಪಟ್ಟಿಯಲ್ಲಿದೆಯೇ ಎಂದು ಹಣ ಕೊಡುವ ಮೊದಲು ಮನೆಯವರೇ ಕೂತು ನೋಡಲಿ.