ಎರಡು ರುಜುಗಳಿಂದ ಮುಗಿಯುವುದೇನು?



ಗಂಡನು ಹೆಂಡತಿಯನ್ನು ಬಿಡುವುದು ಸರಿಯೇ ಎಂದು ಫರಿಸಾಯರು ಯೇಸುಸ್ವಾಮಿಯನ್ನು ಕೇಳಿದಾಗ ಅವರ ಕಣ್ಣು ಮೋಶೆ ಅನುಮತಿಸಿದ್ದ ಬಿಡುಗಡೆಯ ಪತ್ರದ ಮೇಲಿತ್ತು. ಯೇಸುಸ್ವಾಮಿಯಾದರೋ ಅವರ ಗಮನವನ್ನು ಸೃಷ್ಟಿಯ ಆದಿಯತ್ತ ತಿರುಗಿಸಿದರು. ಗಂಡುಹೆಣ್ಣನ್ನು ಒಂದುಗೂಡಿಸಿದವರು ದೇವರಾದ್ದರಿಂದ ಬಿಡಿಸುವ ಅಧಿಕಾರ ಮನುಷ್ಯನಿಗಿಲ್ಲ ಎಂದು ಬೋಧಿಸಿದರು (ಮತ್ತಾಯ 19).

ಇಂದು ಅದೇ ಪ್ರಶ್ನೆ ಬೇರೆ ರೂಪದಲ್ಲಿ ನಮ್ಮ ಮನೆಗಳಿಗೂ ಬಂದಿದೆ. "ಫಾದರ್, ನಮ್ಮಲ್ಲಿ ಜಗಳವಿಲ್ಲ, ಆಪಾದನೆಯಿಲ್ಲ. ಇಬ್ಬರಿಗೂ ಒಪ್ಪಿಗೆಯಿದೆ. ರುಜು ಹಾಕಿ ಮುಗಿಸಿಬಿಡುತ್ತೇವೆ, ಇದರಲ್ಲಿ ತಪ್ಪೇನು?" ಎಂದು ಕೇಳುವ ದಂಪತಿಗಳಿದ್ದಾರೆ. ಅವರನ್ನು ಗದರಿಸಿ ಕಳುಹಿಸುವುದು ಸುಲಭ. ಆದರೆ ಆ ರುಜುಗಳಿಂದ ಏನು ಮುಗಿಯುತ್ತದೆ, ಏನು ಮುಗಿಯುವುದಿಲ್ಲ ಎಂಬುದನ್ನು ತಿಳಿಸಿಹೇಳುವುದು ನಮ್ಮ ಕರ್ತವ್ಯ.

ಮೊದಲು ದೇಶದ ಕಾನೂನನ್ನು ನೋಡೋಣ. ಕ್ರೈಸ್ತರಿಗೆ ಅನ್ವಯಿಸುವ ವಿಚ್ಛೇದನ ಕಾಯಿದೆ 1869ರದು. ಬಹುಕಾಲ ಅದರಡಿ ಒಬ್ಬರು ಇನ್ನೊಬ್ಬರ ತಪ್ಪನ್ನು ಸಾಬೀತುಪಡಿಸಲೇಬೇಕಿತ್ತು. ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನು ತೋರಿಸಿದರೆ ಸಾಕಿತ್ತು. ಹೆಂಡತಿಯು ಸಾಮಾನ್ಯವಾಗಿ ಅದರ ಜೊತೆಗೆ ಕ್ರೌರ್ಯವನ್ನೋ ತೊರೆದುಹೋದುದನ್ನೋ ತೋರಿಸಬೇಕಿತ್ತು. 2001ರ ತಿದ್ದುಪಡಿ ಈ ತಾರತಮ್ಯವನ್ನು ತೆಗೆದು, 10ಎ ಕಲಮಿನ ಮೂಲಕ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೂ ಅವಕಾಶ ನೀಡಿತು. ಇಬ್ಬರೂ ಕೂಡಿ ಅರ್ಜಿ ಸಲ್ಲಿಸಬೇಕು. ಅದಕ್ಕೆ ಮೊದಲು ಎರಡು ವರ್ಷ ಬೇರೆಯಾಗಿ ಬಾಳಿರಬೇಕೆಂಬ ನಿಯಮವನ್ನು ಕೇರಳ ಮತ್ತು ಕರ್ನಾಟಕದ ಉಚ್ಚ ನ್ಯಾಯಾಲಯಗಳು ಮುಂದೆ ಒಂದು ವರ್ಷಕ್ಕೆ ಇಳಿಸಿದವು. ಕೇರಳದ ನ್ಯಾಯಾಲಯ 2022ರಲ್ಲಿ ಆ ಒಂದು ವರ್ಷದ ಕಾಯುವಿಕೆಯನ್ನೂ ರದ್ದುಪಡಿಸಿತು. ಅರ್ಜಿ ಸಲ್ಲಿಸಿದ ಮೇಲೆ ಆರು ತಿಂಗಳು ಕಳೆದು, ಹದಿನೆಂಟು ತಿಂಗಳೊಳಗೆ ಇಬ್ಬರೂ ಮತ್ತೆ ನ್ಯಾಯಾಧೀಶರ ಮುಂದೆ ಬರಬೇಕೆಂದು ಕಾಯಿದೆ ಹೇಳುತ್ತದೆ.

ಈ ಆರು ತಿಂಗಳು ಏತಕ್ಕೆ? ಮನಸ್ಸು ಬದಲಾಗಬಹುದೆಂಬ ನಿರೀಕ್ಷೆಯಿಂದ. ಈ ಅವಧಿಯಲ್ಲಿ ಅರ್ಜಿಯನ್ನು ಹಿಂತೆಗೆದುಕೊಳ್ಳಬಹುದು. ಸರ್ಕಾರದ ಕಾನೂನೇ ಇಷ್ಟು ತಾಳ್ಮೆ ತೋರುವಾಗ ನಾವು ಅವಸರಪಡಬಹುದೇ? ಈ ತಿಂಗಳುಗಳನ್ನು ವಕೀಲರ ಕಛೇರಿಯಲ್ಲಿ ಮಾತ್ರ ಕಳೆಯಬೇಡಿ. ಧರ್ಮಕೇಂದ್ರದ ಗುರುಗಳನ್ನು ಕಾಣಿರಿ, ಕುಟುಂಬ ಸಲಹೆಗಾರರ ಮುಂದೆ ಕುಳಿತು ಮಾತನಾಡಿರಿ, ದೇವರ ಮುಂದೆ ಮೊಣಕಾಲೂರಿರಿ.

ಇನ್ನು ಧರ್ಮಸಭೆಯ ಬೋಧನೆ. ದೀಕ್ಷಾಸ್ನಾನ ಪಡೆದ ಇಬ್ಬರು ಸಿಂಧುವಾಗಿ ವಿವಾಹವಾಗಿ, ಗಂಡಹೆಂಡಿರಾಗಿ ಕೂಡಿ ಬಾಳಿದ ಮೇಲೆ ಆ ಬಂಧವನ್ನು ಮರಣದ ಹೊರತು ಯಾವ ಮಾನವ ಅಧಿಕಾರವೂ ಕಳಚಲಾರದು. ಬಲಿಪೀಠದ ಮುಂದೆ ನೀಡಿದ ಒಪ್ಪಿಗೆಯನ್ನು ನ್ಯಾಯಾಲಯದಲ್ಲಿ ನೀಡುವ ಒಪ್ಪಿಗೆ ಅಳಿಸದು. ಆದ್ದರಿಂದ ವಿಚ್ಛೇದನದ ಆದೇಶ ಕೈಗೆ ಬಂದೊಡನೆ ಇನ್ನೊಂದು ಮದುವೆಗೆ ದಾರಿ ತೆರೆಯಿತೆಂದು ಕಥೋಲಿಕರು ತಿಳಿಯಬಾರದು.

ಹಾಗಾದರೆ ನ್ಯಾಯಾಲಯಕ್ಕೆ ಹೋಗುವುದೇ ಪಾಪವೇ? ಹಾಗಲ್ಲ. ಹೊಡೆತ, ಕುಡಿತ, ಪ್ರಾಣಭಯವಿರುವ ಮನೆಯಲ್ಲಿ ಇರಲೇಬೇಕೆಂದು ಧರ್ಮಸಭೆ ಯಾರನ್ನೂ ಬಲವಂತಪಡಿಸದು. ಬೇರೆಯಾಗಿ ಬಾಳಲು ಧರ್ಮಸಭೆಯ ಕಾನೂನೇ ಅವಕಾಶ ಕೊಡುತ್ತದೆ. ಮಕ್ಕಳ ಪಾಲನೆ, ಜೀವನಾಂಶ, ಆಸ್ತಿಯ ಹಕ್ಕು ಇವನ್ನು ಕಾಪಾಡಿಕೊಳ್ಳಲು ಬೇರೆ ದಾರಿಯೇ ಇಲ್ಲದಿದ್ದರೆ ಸರ್ಕಾರಿ ವಿಚ್ಛೇದನವನ್ನು ಸಹಿಸಬಹುದು, ಅದು ಪಾಪವಾಗದು ಎಂದು ಕಥೋಲಿಕ ಧರ್ಮೋಪದೇಶ ಬೋಧಿಸುತ್ತದೆ.

ಆದರೆ ಒಪ್ಪಿಗೆ ನಿಜವಾದ ಒಪ್ಪಿಗೆಯಾಗಿರಬೇಕು. ತವರಿನ ಮರ್ಯಾದೆಗೆ ಅಂಜಿ, "ರುಜು ಹಾಕದಿದ್ದರೆ ಮಗುವಿನ ಮುಖ ತೋರಿಸುವುದಿಲ್ಲ" ಎಂಬ ಬೆದರಿಕೆಗೆ ಬೆದರಿ, ಜೀವನಾಂಶವನ್ನೂ ಬಿಟ್ಟುಕೊಟ್ಟು ಒಬ್ಬಳು ರುಜು ಹಾಕಿದರೆ ಅದು ಒಪ್ಪಿಗೆಯಲ್ಲ, ಅನ್ಯಾಯ. ತಂಗಿ, ಓದದೆ, ಅರ್ಥಮಾಡಿಕೊಳ್ಳದೆ ಯಾವ ಕಾಗದಕ್ಕೂ ರುಜು ಹಾಕಬೇಡ. ತಂದೆತಾಯಿಗಳೇ, ಮಕ್ಕಳನ್ನು ಚೌಕಾಸಿಯ ವಸ್ತುವಾಗಿಸಬೇಡಿ. ನೀವು ಒಬ್ಬರಿಗೊಬ್ಬರು ಬೇಡವಾದರೂ ಮಗುವಿಗೆ ಇಬ್ಬರೂ ಬೇಕು.

ಧರ್ಮಪ್ರಾಂತ್ಯದ ನ್ಯಾಯಮಂಡಳಿಯ ವಿಷಯದಲ್ಲೂ ಗೊಂದಲವಿದೆ. ಅದು ವಿಚ್ಛೇದನ ಕೊಡುವುದಿಲ್ಲ. ಮದುವೆಯ ದಿನದಂದೇ ಬಲವಂತ, ಮೋಸ, ವೈವಾಹಿಕ ಹೊಣೆ ಹೊರಲಾರದಷ್ಟು ಗಂಭೀರ ಮಾನಸಿಕ ಅಸಾಮರ್ಥ್ಯ ಮುಂತಾದ ಕಾರಣದಿಂದ ಆ ವಿವಾಹ ಸಿಂಧುವಾಗಿಯೇ ಇರಲಿಲ್ಲವೇ ಎಂದು ಪರಿಶೀಲಿಸುತ್ತದೆ. ಪೋಪ್ ಫ್ರಾನ್ಸಿಸ್‌ರವರು 2015ರಲ್ಲಿ ಈ ವಿಚಾರಣೆಯನ್ನು ಸರಳಗೊಳಿಸಿದರು. ಆದರೂ ದಂಪತಿಗಳ ಒಪ್ಪಿಗೆಯೊಂದೇ ಇಲ್ಲಿ ಸಾಲದು, ಸತ್ಯಕ್ಕೆ ಸಾಕ್ಷ್ಯ ಬೇಕು. ನ್ಯಾಯಮಂಡಳಿಯ ತೀರ್ಪು ಸರ್ಕಾರದ ವಿಚ್ಛೇದನಕ್ಕೆ ಸಮನಲ್ಲ. ಅದಕ್ಕೆ ಕಾನೂನಿನ ಮಾನ್ಯತೆ ಕೋರಿದ್ದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ತಳ್ಳಿಹಾಕಿತು. ಆದ್ದರಿಂದ ಒಂದು ಕಡೆಯ ಕಾಗದವನ್ನು ಇನ್ನೊಂದು ಕಡೆಗೂ ಸಾಕೆಂದು ನಂಬಿ ಮೋಸಹೋಗಬೇಡಿ.

ಕಡೆಯದಾಗಿ ನಮ್ಮೆಲ್ಲರಿಗೂ ಒಂದು ಮಾತು. ವಿಚ್ಛೇದನವಾಗಿ ಒಂಟಿಯಾಗಿ ಬಾಳುತ್ತಿರುವ ಸಹೋದರಿಯೊಬ್ಬಳು, ತನಗಿನ್ನು ಪರಮಪ್ರಸಾದವಿಲ್ಲವೆಂದು ತಿಳಿದು ದೇವಾಲಯದ ಹಿಂದಿನ ಬೆಂಚಿನಲ್ಲೇ ಕುಳಿತಿರಬಹುದು. ಅದು ತಪ್ಪು ತಿಳುವಳಿಕೆ. ಮರುಮದುವೆಯಾಗದೆ ಬಾಳುತ್ತಿರುವವರನ್ನು ವಿಚ್ಛೇದನದ ಕಾರಣದಿಂದಲೇ ಪರಮಪ್ರಸಾದದಿಂದ ದೂರವಿಡುವಂತಿಲ್ಲ. ಮರುಮದುವೆಯಾದವರೂ ಧರ್ಮಸಭೆಯಿಂದ ಹೊರಗಾದವರಲ್ಲ. ಅವರು ಬಲಿಪೂಜೆಗೆ ಬರಲಿ, ಗುರುಗಳೊಡನೆ ಮನಬಿಚ್ಚಿ ಮಾತನಾಡಲಿ. ಅವರ ಮನೆಯ ಕಥೆಯನ್ನು ದೇವಾಲಯದ ಅಂಗಳದಲ್ಲಿ ಆಡಿಕೊಳ್ಳುವ ನಾಲಗೆಗಳು ಸುಮ್ಮನಾಗಲಿ.

ಈ ಭಾನುವಾರ ಅಂಥವರ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಿ. ಬಾವಿಯ ಬಳಿ ಸಮಾರ್ಯದ ಸ್ತ್ರೀಯೊಡನೆ ಮಾತಿಗೆ ಕುಳಿತ ಯೇಸುಸ್ವಾಮಿ ನಮ್ಮ ಮುರಿದ ಮನೆಗಳನ್ನೂ ಮುರಿಯದ ಮನೆಗಳನ್ನೂ ಹರಸಲಿ.